ತವರು ಕಲ್ಲು

ಆಗಿನ ದಿನಗಳೇ ಚೆಂದ ಎಂದು ಯಾರಾದರೂ ಶುರು ಮಾಡಿದರೆ ನನಗೆ ಮೈಯೆಲ್ಲ ಉರಿಯುತ್ತದೆ. ಏನು ಚೆಂದ? ಆ ದಿನಗಳಲ್ಲಿ ನಮ್ಮೂರ ಕೆರೆಯಲ್ಲಿ ಹನಿ ನೀರಿರಲಿಲ್ಲ. ಪುರವರದಿಂದ ಒಳಕ್ಕೆ ಬರುವ ಬಸ್ಸು ಬಂದರೆ ಬಂತು, ಇಲ್ಲದಿದ್ದರೆ ಇಲ್ಲ. ಹೈಸ್ಕೂಲಿನ ಹೆಂಚಿನ ಮೇಲೆ ಕೋತಿ ಕುಣಿದರೆ ಕೆಳಗೆ ಗಣಿತದ ಪುಸ್ತಕದ ಮೇಲೆ ಮಣ್ಣು ಉದುರುತ್ತಿತ್ತು. ಇಷ್ಟೆಲ್ಲ ಇದ್ದೂ ಆ ದಿನಗಳನ್ನು ನಾನು ನೆನೆಯುವುದು ಒಂದೇ ಕಾರಣಕ್ಕೆ. ಆಗ ನಮ್ಮೂರಲ್ಲಿ ಒಂದು ಬೇಸ್‌ಬಾಲ್ ತಂಡವಿತ್ತು, ಆ ತಂಡಕ್ಕೆ ಸ್ವಂತದ್ದೊಂದು ಮೈದಾನವಿತ್ತು. ಇದನ್ನು ಕೇಳಿದವರು ನಗುತ್ತಾರೆ. ಮಧುಗಿರಿ ತಾಲೂಕಿನಲ್ಲಿ ಬೇಸ್‌ಬಾಲಾ ಎನ್ನುತ್ತಾರೆ. ನಗಲಿ. ಆ ಒಂಬತ್ತು ಹುಡುಗಿಯರಲ್ಲಿ ನಾನೂ ಒಬ್ಬಳು, ಅದರ ಗುರುತಾಗಿ ನನ್ನ ಕಿರುಬೆರಳು ಇವತ್ತಿಗೂ ಡೊಂಕಾಗಿದೆ.

ನಾವೇನು ಬೇಸ್‌ಬಾಲ್ ಬೇಕೆಂದು ಕೇಳಿದವರಲ್ಲ. ಹುಡುಗಿಯರು ಆಡಲೆಂದು ಒಂದು ಥ್ರೋಬಾಲು, ಒಂದು ನೆಟ್ಟು ಕಳಿಸಿ ಎಂದು ನಮ್ಮ ಡ್ರಿಲ್ ಮೇಷ್ಟ್ರು ಮೇಲಿನವರಿಗೆ ಬರೆದಿದ್ದರು. ಕೇಳಿದ್ದೆಲ್ಲ ಸರಿಯಾಗಿ ಬಂದುಬಿಟ್ಟರೆ ಅದು ನಮ್ಮೂರ ಸ್ಕೂಲು ಹೆಂಗಾದೀತು? ವರ್ಷ ಕಳೆದ ಮೇಲೆ ಒಂದು ಗೋಣಿಚೀಲ ಬಂತು. ಬಿಚ್ಚಿ ನೋಡಿದರೆ ಒನಕೆಯಂಥ ಬ್ಯಾಟು, ತೊಗಲಿನ ದಪ್ಪ ಗ್ಲೌಸುಗಳು, ಕಬ್ಬಿಣದ ಸರಳಿನ ಒಂದು ಮುಖವಾಡ, ಕಲ್ಲಿನಂಥ ಗಟ್ಟಿ ಚೆಂಡುಗಳು, ಜೊತೆಗೆ ಇಂಗ್ಲಿಷಿನ ಒಂದು ಪುಸ್ತಿಕೆ. ವಾಪಸ್ಸು ಕಳಿಸೋಣವೆಂದರೆ ಹೆಡ್‌ಮೇಷ್ಟ್ರು ಬಿಡಲಿಲ್ಲ. ವಾಪಸ್ಸು ಹೋದ ಸಾಮಾನು ಮತ್ತೆ ಬರೋದಿಲ್ಲ, ಬಂದದ್ದನ್ನೇ ಆಡಿಸಿ ಎಂದುಬಿಟ್ಟರು. ಮನೆಗೆ ಬಂದ ಸೊಸೆ ಹೆಂಗಿದ್ರೂ ಬಾಳಿಸ್ಬೇಕಲ್ಲ, ಅಂಗೆ.

ಡ್ರಿಲ್ ಮೇಷ್ಟ್ರು ಪಾವಗಡದ ಆಚೆ, ನಾಗಲಮಡಿಕೆ ಕಡೆಯವರು. ಅವರ ಬಾಯಲ್ಲಿ ಕನ್ನಡ ಒಂದು ಹೆಜ್ಜೆ ಹಾಕಿದರೆ ತೆಲುಗು ಎರಡು ಹೆಜ್ಜೆ ಹಾಕುತ್ತಿತ್ತು. ಆ ಪುಸ್ತಿಕೆಯನ್ನು ದಿನಕ್ಕೊಂದು ಪುಟ ಓದಿ ಮಾರನೇ ದಿನ ನಮಗೆ ಕಲಿಸುತ್ತಿದ್ದರು. ಅರ್ಧ ಓದುವಷ್ಟರಲ್ಲಿ ಅವರಿಗೂ ಸಾಕಾಯಿತು, ಉಳಿದ ಅರ್ಧವನ್ನು ಬೀರುವಿನಲ್ಲಿ ಇಲಿ ಓದಿ ಮುಗಿಸಿತು. ಮೊದಲನೇ ದಿನ ಗಿರಿಜಿ ಓಡುತ್ತಿದ್ದಾಗ ಅವರು ಹಿಂದಿನಿಂದ "ಆಗು, ಆಗು" ಎಂದು ಕೂಗಿಕೊಂಡರು. ಅವಳು ಓಡುತ್ತಲೇ ಹೋಗಿ ಜಾಲಿ ಗಿಡದ ಹತ್ತಿರ ಸುಸ್ತಾಗಿ ನಿಂತು, "ಏನಾಗ್ಲಿ ಸಾರ್?" ಎಂದು ಕೇಳಿದಳು. ತೆಲುಗಿನಲ್ಲಿ ಆಗು ಎಂದರೆ ನಿಲ್ಲು ಎಂದು ನಮಗೆ ಗೊತ್ತಾದದ್ದು ಆವತ್ತೇ. ಪರಿಗೆತ್ತು ಎಂದರೆ ಓಡು, ಆಗು ಎಂದರೆ ನಿಲ್ಲು. ಇವೆರಡನ್ನು ಕಲಿತ ಮೇಲೆ ನಮ್ಮ ಆಟ ಒಂದು ದಾರಿಗೆ ಬಂತು.

ಗಿರಿಜಿ ಕುರಿ ಕಾಯುವ ಮನೆಯವಳು. ಕಣ್ಣು ತಪ್ಪಿಸಿ ಕಡಲೆಕಾಯಿ ಹೊಲಕ್ಕೆ ನುಗ್ಗುವ ಕುರಿಯ ಹಿಂದೆ ಓಡಿ ಓಡಿ ಅವಳ ಕಾಲಿಗೆ ಮುಳ್ಳು ಕಲ್ಲು ಯಾವುದೂ ಲೆಕ್ಕಕ್ಕಿರಲಿಲ್ಲ. ಅವಳು ಓಡಿದರೆ ಹಿಡಿಯುವವರು ನಮ್ಮ ಸ್ಕೂಲಿನ ಗಂಡುಹುಡುಗರಲ್ಲೂ ಇರಲಿಲ್ಲ. ನಾನು ದಪ್ಪಗಿದ್ದೆ, ಓಡಲಾರೆ. ಅದಕ್ಕೇ ಬ್ಯಾಟು ಹಿಡಿದವಳ ಬೆನ್ನ ಹಿಂದೆ ಮುಖವಾಡ ಹಾಕಿಕೊಂಡು ಕುಕ್ಕರುಗಾಲಿನಲ್ಲಿ ಕೂತು ಚೆಂಡು ಹಿಡಿಯುವ ಕೆಲಸ ನನಗೆ ಬಂತು. ನನ್ನನ್ನು ಆ ವೇಷದಲ್ಲಿ ಮೊದಲ ಸಲ ನೋಡಿದ ನಮ್ಮಜ್ಜಿ, "ಇದ್ಯಾಕೇ ಸಾರ್ದಿ, ಕಣದ ಎತ್ತಿಗೆ ಬಾಯಿಕುಕ್ಕೆ ಕಟ್ದಂಗೆ ಕಟ್ಟವ್ರೆ? ಹೊಲ್ದಲ್ಲಿ ಏನಾರ ಮೇಯ್ತೀಯ ಅಂತ್ಲಾ?" ಎಂದಿದ್ದಳು.

ಆಟದ ಹೆಸರು ಕೂಡ ಅಜ್ಜಿಯ ಬಾಯಲ್ಲಿ ಬೇಸ್‌ಬಾಲ್ ಆಗಿ ಉಳಿಯಲಿಲ್ಲ, ಬ್ಯಾಸ್ಗೆ ಬಾಲು ಆಯಿತು. ಒಣಗಿದ ಕೆರೆಯಲ್ಲಿ ಆಡೋದಲ್ವಾ, ಬ್ಯಾಸ್ಗೆ ಬಾಲೇ ಸರಿ ಎಂದಳು. ಊರೆಲ್ಲ ಅದನ್ನೇ ಹಿಡಿದುಕೊಂಡಿತು. ಅವಳು ಅಷ್ಟಕ್ಕೇ ಬಿಟ್ಟಿದ್ದರೆ ಚೆನ್ನಾಗಿತ್ತು. ಒಂದು ದಿನ ಕೆರೆ ಏರಿಯ ಮೇಲೆ ಎಲೆಯಡಿಕೆ ಹಾಕಿಕೊಂಡು ಕೂತು ನಮ್ಮ ಆಟ ನೋಡಿದಳು. ಒಬ್ಬಳು ಚೆಂಡಿಗೆ ಹೊಡೆದು ಒಂದು ಕಲ್ಲಿನಿಂದ ಹೊರಡುತ್ತಾಳೆ, ಮೂರು ಕಲ್ಲು ಸುತ್ತುತ್ತಾಳೆ, ಹೊರಟ ಕಲ್ಲಿಗೇ ವಾಪಸ್ಸು ಬಂದರೆ ಒಂದು ರನ್ನು. ಇಷ್ಟು ತಿಳಿದುಕೊಂಡದ್ದೇ ಅಜ್ಜಿ ನಾಲ್ಕು ಕಲ್ಲಿಗೂ ಹೆಸರಿಟ್ಟಳು. ಹೊರಡುವ ಕಲ್ಲು ತವರು. ಮೊದಲನೆಯದು ಅತ್ತೆ ಮನೆ, ಎರಡನೆಯದು ನಾದಿನಿ ಮನೆ, ಮೂರನೆಯದು ಸೋದರಮಾವನ ಮನೆ. ಸೋದರಮಾವನ ಮನೆ ಮುಟ್ಟಿದರೆ ತವರು ಇನ್ನೇನು ಅಲ್ಲೇ. ಡ್ರಿಲ್ ಮೇಷ್ಟ್ರಿಗೆ ಇಂಗ್ಲಿಷಿನ ಹೆಸರಿಗಿಂತ ಇದೇ ಸುಲಭವಾಗಿ, "ನಾದಿನಿ ಮನೆಯಿಂದ ಪರಿಗೆತ್ತು" ಎಂದು ಅವರೂ ಕೂಗತೊಡಗಿದರು.

ತವರು ಎಂದಮೇಲೆ ಅದಕ್ಕೆ ತವರಿನ ಕಟ್ಟಳೆಯೂ ಅಂಟಿಕೊಂಡಿತು. ತವರಿಗೆ ಬಂದ ಹೆಣ್ಣುಮಗಳನ್ನು ಬರಿಗೈಲಿ ನಿಲ್ಲಿಸಬಾರದಲ್ಲ. ಅದಕ್ಕೇ ಸುತ್ತಿ ಬಂದವಳ ಉಡಿಗೆ ಒಂದು ಹಿಡಿ ಕಡಲೆಕಾಯಿ ಹಾಕಬೇಕು, ಹಾಕಿದರೇ ರನ್ನು. ಇದು ಯಾವ ದೇಶದ ರೂಲೋ ಕಾಣೆ, ನಾವು ಮಾತ್ರ ಪಾಲಿಸುತ್ತಿದ್ದೆವು. ಕಡಲೆಕಾಯಿ ತರುವ ಜವಾಬ್ದಾರಿ ನನ್ನದು, ಯಾಕೆಂದರೆ ತವರಿನ ಹತ್ತಿರ ಇರುವವಳು ನಾನೇ.

ನಮ್ಮ ತವರು ಕಲ್ಲು ನಮ್ಮ ಹಿತ್ತಲಿನ ಬಟ್ಟೆ ಒಗೆಯುವ ಕಲ್ಲು. ಒಂದು ಮೂಲೆ ಒಡೆದಿತ್ತೆಂದು ಅಪ್ಪ ಬೇರೆ ಕಲ್ಲು ಹಾಕಿಸಿದಾಗ ಅದನ್ನು ಡ್ರಿಲ್ ಮೇಷ್ಟ್ರು ಎತ್ತಿನಗಾಡಿಯಲ್ಲಿ ಹಾಕಿಸಿಕೊಂಡು ಹೋಗಿದ್ದರು. ಆ ಕಲ್ಲಿನ ಮೇಲೆ ನಮ್ಮಜ್ಜಿ ಎಷ್ಟು ಸೀರೆ, ಎಷ್ಟು ಪಂಚೆ, ಎಷ್ಟು ಮಕ್ಕಳ ಚಡ್ಡಿ ಕುಕ್ಕಿದ್ದಳೋ ದೇವರಿಗೇ ಗೊತ್ತು. ಈ ಮಾತನ್ನು ಓದುವವರು ನೆನಪಿಟ್ಟುಕೊಳ್ಳಬೇಕು. ನನ್ನ ಸಿಟ್ಟಿನ ಬೇರು ಇರುವುದೇ ಅಲ್ಲಿ.

ಮೈದಾನ ಎಂದರೆ ಕೆರೆ ಅಂಗಳ. ನಮ್ಮ ಬುದ್ಧಿ ತಿಳಿದಾಗಿನಿಂದ ಆ ಕೆರೆಯಲ್ಲಿ ನೀರು ನಿಂತದ್ದನ್ನು ನಾವು ನೋಡಿರಲಿಲ್ಲ. ಬಿರುಕು ಬಿಟ್ಟ ಕರಿ ಮಣ್ಣು, ನಡುನಡುವೆ ಕುರಿ ಹಿಕ್ಕೆ, ಸಂಜೆಯಾದರೆ ಬಿಸಿಲಿಗೆ ಕಾದ ಮಣ್ಣಿನ ವಾಸನೆ. ಏರಿಯೇ ನಮ್ಮ ಗ್ಯಾಲರಿ, ನೋಡುವವರು ಯಾರೂ ಇಲ್ಲ. ದೂರದಲ್ಲಿ ಮಧುಗಿರಿ ಬೆಟ್ಟ ಮಾತ್ರ ಬೆನ್ನು ತೋರಿಸಿ ನಿಂತಿರುತ್ತಿತ್ತು. ನಾವು ಒಂಬತ್ತು ಜನ ಒಂದೊಂದು ದಿಕ್ಕಿಗೆ ಮುಖ ಮಾಡಿ ನಿಂತರೆ, ದಾರಿಯಲ್ಲಿ ಹೋಗುವವರು ನವಗ್ರಹಗಳು ಎದ್ದು ಬಂದವ್ರೆ ಎಂದು ಹಾಸ್ಯ ಮಾಡುತ್ತಿದ್ದರು.

ಅದನ್ನಾದರೂ ಸಹಿಸಿಕೊಳ್ಳಬಹುದಿತ್ತು. ಸಹಿಸಲಾಗದ ಮಾತು ಇನ್ನೊಂದಿತ್ತು. ಪ್ರತಿ ವರ್ಷ ತಾಲೂಕು ಕ್ರೀಡಾಕೂಟಕ್ಕೆ ನಾವು ಬುತ್ತಿ ಕಟ್ಟಿಕೊಂಡು ಮಧುಗಿರಿಗೆ ಹೋಗುತ್ತಿದ್ದೆವು. ಬೇಸ್‌ಬಾಲ್ ಆಡುವ ಬೇರೆ ಯಾವ ಸ್ಕೂಲೂ ತಾಲೂಕಿನಲ್ಲಿ ಇರಲಿಲ್ಲ. ಎದುರಾಳಿ ಇಲ್ಲದ್ದರಿಂದ ನೀವೇ ಗೆದ್ದಿರಿ ಎಂದು ಬರೆದುಕೊಂಡು ಬಹುಮಾನದ ಒಂದು ಕಪ್ಪು ಕೈಗಿಟ್ಟು ಕಳಿಸುತ್ತಿದ್ದರು. ಜಿಲ್ಲೆಗೆ ಹೋಗೋಣವೆಂದರೆ ಜಿಲ್ಲೆಯಲ್ಲಿ ಆ ಆಟವೇ ಇಲ್ಲ. ನಾವು ಕಪ್ಪು ಹಿಡಿದುಕೊಂಡು ಬಸ್ಸಿನಿಂದ ಇಳಿದರೆ ಅರಳಿಕಟ್ಟೆಯಲ್ಲಿ ಕೂತ ಗಂಡಸರು, "ಬಂದ್ರಪ್ಪ ಆಡ್ದೆ ಗೆದ್ದೋರು" ಎನ್ನುತ್ತಿದ್ದರು. ಅಂಗಡಿಗೆ ಹೋದರೆ ಆಡ್ದೆ ಗೆದ್ದೋರು, ನೀರಿಗೆ ಹೋದರೆ ಆಡ್ದೆ ಗೆದ್ದೋರು. ಸೋತವರಿಗೂ ಒಂದು ಮರ್ಯಾದೆ ಇರುತ್ತದೆ. ನಮಗೆ ಅದೂ ಇರಲಿಲ್ಲ.

ಇದು ಎಲ್ಲರಿಗಿಂತ ಹೆಚ್ಚು ಚುಚ್ಚುತ್ತಿದ್ದದ್ದು ಗಿರಿಜಿಗೆ. ಅವಳು ಹತ್ತನೇ ಕ್ಲಾಸಿಗೆ ಬಂದಿದ್ದಳು. ಹತ್ತು ಮುಗಿದರೆ ಓದು ಸಾಕು, ಕುರಿ ಹಿಂದೆ ಹೋಗಲಿ ಎಂದು ಅವರ ಮನೆಯಲ್ಲಿ ತೀರ್ಮಾನವಾಗಿತ್ತು. ಅದರ ಬಗ್ಗೆ ಅವಳೇನೂ ಅಳಲಿಲ್ಲ. ಒಂದು ಸಂಜೆ ಏರಿಯ ಮೇಲೆ ಕಡಲೆಕಾಯಿ ಸುಲಿಯುತ್ತಾ ಮಾತ್ರ ಹೇಳಿದಳು, "ಓದು ಹೋದ್ರೆ ಹೋಗ್ಲಿ ಕಣೆ. ಒಂದೇ ಒಂದ್ಸಲ ಎದುರ್ಗೆ ಯಾರಾದ್ರೂ ಇರ್ಬೇಕು. ಊರೋರೆಲ್ಲ ನೋಡ್ತಿರ್ಬೇಕು. ನಾನು ಸುತ್ತಿ ತವರಿಗೆ ಬರ್ಬೇಕು. ಅಷ್ಟೇ."

ಅಷ್ಟೇ. ಕೇಳಿದ್ದು ಇಷ್ಟೇ ಇಷ್ಟು. ಅದನ್ನೂ ಕೊಡಲಿಲ್ಲವಲ್ಲ ಎಂಬುದೇ ನನ್ನ ಹೊಟ್ಟೆಯುರಿ.

ಆ ವರ್ಷ ಶಿರಾದ ಒಂದು ಹುಡುಗಿಯರ ಸ್ಕೂಲಿಗೂ ಇಂಥದೇ ಒಂದು ಗೋಣಿಚೀಲ ಹೋಗಿ ತಲುಪಿತ್ತೆಂದು ಡ್ರಿಲ್ ಮೇಷ್ಟ್ರಿಗೆ ಹೇಗೋ ಗೊತ್ತಾಯಿತು. ಅವರು ಖುದ್ದಾಗಿ ಶಿರಾಕ್ಕೆ ಹೋಗಿ ಮಾತಾಡಿಕೊಂಡು ಬಂದರು. ದಸರಾ ರಜೆ ಕಳೆದ ಮೇಲೆ ಅವರೇ ಟೆಂಪೋ ಮಾಡಿಕೊಂಡು ಬರುತ್ತಾರೆ, ಪಂದ್ಯ ನಮ್ಮ ಮೈದಾನದಲ್ಲೇ. ಆ ಸುದ್ದಿ ಕೇಳಿದ ದಿನ ಗಿರಿಜಿ ಸ್ಕೂಲಿನಿಂದ ಮನೆಯವರೆಗೆ ಒಂದೇ ಉಸಿರಿಗೆ ಓಡಿದಳಂತೆ. ನಾವು ಕಲ್ಲುಗಳಿಗೆ ಸುಣ್ಣ ಹಚ್ಚಿದೆವು, ಅಂಗಳದ ಮುಳ್ಳು ಆಯ್ದೆವು, ಬಿರುಕುಗಳಿಗೆ ಮಣ್ಣು ತುಂಬಿದೆವು.

ಇತ್ತ ಊರವರು ಕಪ್ಪೆ ಮದುವೆ ಮಾಡಿಸುತ್ತಿದ್ದರು. ಮಳೆ ಬರಲಿ ಎಂದು ಊರೆಲ್ಲ ಕೈಮುಗಿದರೆ, ಪಂದ್ಯ ಮುಗಿಯುವವರೆಗೆ ಬರಬಾರದು ಎಂದು ನಾವು ಒಂಬತ್ತು ಜನ ಒಳಗೊಳಗೇ ಕೈಮುಗಿದೆವು. ದೇವರು ಯಾವ ಕಡೆಗೆ ಹೆಚ್ಚು ಕೈ ಎಂದು ಎಣಿಸಿರಬೇಕು. ಹಸ್ತ ಮಳೆ ಸುರಿದ ಸುರಿತಕ್ಕೆ ಹಳ್ಳ ಬಂತು, ಹಳ್ಳ ಬಂದು ಕೆರೆಗೆ ಬಿತ್ತು. ಅಷ್ಟು ವರ್ಷ ಇಲ್ಲದ್ದು ಆ ವಾರವೇ ಬರಬೇಕೇ? ಮಳೆಯ ಮೇಲೆ ಸಿಟ್ಟು ಮಾಡಿಕೊಳ್ಳುವುದೂ ಕಷ್ಟ. ಅಪ್ಪನ ಮುಖದಲ್ಲಿ ನಗು ಕಂಡು ಎಷ್ಟು ಕಾಲವಾಗಿತ್ತು. ಅಮ್ಮ ಹೊಸ ನೀರು ಬಂತೆಂದು ಪಾಯಸ ಮಾಡಿದಳು. ನಾನು ಮೂಲೆಯಲ್ಲಿ ಕೂತು ಅತ್ತೆ. ಮಳೆ ಬಂದದ್ದಕ್ಕೆ ಅಳುವ ಹುಡುಗಿಯನ್ನು ಈ ಸೀಮೆಯಲ್ಲಿ ನಾನು ನೋಡಿಲ್ಲಪ್ಪ ಎಂದು ಅಪ್ಪ ನಕ್ಕರು.

ಪಂದ್ಯದ ದಿನ ಬೆಳಿಗ್ಗೆ ಹೋಗಿ ನೋಡಿದರೆ ನೀರು ಅಂಗಳದ ಮುಕ್ಕಾಲು ನುಂಗಿತ್ತು. ಮೇಲಿನ ತುದಿಯಲ್ಲಿ ಒಂದಷ್ಟು ಜಾಗ ಒಣಗಿತ್ತು. ಬೇರೆ ಕಡೆ ಆಡೋಣವೆಂದರೆ ಸ್ಕೂಲಿನ ಅಂಗಳ ಅಂಗೈಯಷ್ಟು, ಹೊಲಗಳಲ್ಲೆಲ್ಲ ಕಡಲೆಕಾಯಿ. ಡ್ರಿಲ್ ಮೇಷ್ಟ್ರು ತಲೆ ಕೆರೆದುಕೊಂಡು ಮೈದಾನವನ್ನೇ ತಿರುಗಿಸಿದರು. ಚೆಂಡು ನೀರಿಗೆ ಬೀಳದಿರಲೆಂದು ತವರು ಕಲ್ಲನ್ನು ನೀರಿನ ಅಂಚಿಗೇ ತಂದು ಹಾಕಿಸಿದರು, ಅಲ್ಲಿಂದ ದಡದ ಕಡೆಗೆ ಹೊಡೆಯಬೇಕು. ಕಲ್ಲಿಗೆ ತಾವೇ ಇನ್ನೊಂದು ಸಲ ಸುಣ್ಣ ಬಳಿದರು. ಅದು ನೀರಿನ ಪಕ್ಕ ಬೆಳ್ಳಗೆ, ಎದ್ದು ಕಾಣುವ ಹಾಗಿತ್ತು. ಕಾಣಿಸಿದ್ದೇ ತಪ್ಪಾಯಿತು.

ಶಿರಾದವರು ಟೆಂಪೋದಿಂದ ಇಳಿದರು. ಚೆಂಡು ಎಸೆಯುವವಳು ನಸೀಮಾ ಎಂಬ ಉದ್ದನೆಯ ಹುಡುಗಿ, ದುಪಟ್ಟಾವನ್ನು ಸೊಂಟಕ್ಕೆ ಬಿಗಿದು ಕಟ್ಟಿದ್ದಳು. ನೀರು ನೋಡಿ ಅವಳು ಹೆದರಲಿಲ್ಲ. ಶಿರಾದಲ್ಲಿ ಬಸ್‌ಸ್ಟ್ಯಾಂಡಿನ ಹಿಂದೆ ಆಡ್ತೀವಿ, ಅದಕ್ಕಿಂತ ಇದು ಎಷ್ಟೋ ವಾಸಿ ಎಂದಳು. ಅತ್ತೆ ಮನೆ, ನಾದಿನಿ ಮನೆ ಹೇಳಿಕೊಟ್ಟಾಗ ಅವರೆಲ್ಲ ಬಿದ್ದು ಬಿದ್ದು ನಕ್ಕರು. ಆಟ ಶುರುವಾದ ಮೇಲೆ ಅವರೂ "ಅರೆ ನಾದಿನಿ ಮನೆಗೆ ಹಾಕ್" ಎಂದೇ ಕೂಗುತ್ತಿದ್ದರು.

ಇನ್ನೊಂದು ವಿಚಿತ್ರ. ಏರಿಯ ಮೇಲೆ ಅವತ್ತು ಕಾಲಿಡಲು ಜಾಗವಿರಲಿಲ್ಲ. ಊರಿಗೆ ಊರೇ ಬಂದಿತ್ತು. ನಮ್ಮ ಆಟಕ್ಕಲ್ಲ, ನೀರು ನೋಡುವುದಕ್ಕೆ. ಆದರೆ ಬಂದ ಮೇಲೆ ಕಣ್ಣು ಸುಮ್ಮನಿರುತ್ತದೆಯೇ? ನೀರು ನೋಡಿ ಬೇಜಾರಾದವರು ನಮ್ಮನ್ನು ನೋಡಿದರು, ನೋಡುತ್ತಾ ನೋಡುತ್ತಾ ಕೂಗತೊಡಗಿದರು. ನಮ್ಮನ್ನು ಆಡಿಕೊಂಡ ಅರಳಿಕಟ್ಟೆಯ ಗಂಡಸರೇ ಟವೆಲ್ ಬೀಸುತ್ತಿದ್ದರು. ಎದುರಾಳಿ ಇದ್ದರು, ಊರು ನೋಡುತ್ತಿತ್ತು. ಇನ್ನು ಗಿರಿಜಿ ಸುತ್ತಿ ಬರುವುದೊಂದೇ ಬಾಕಿ.

ನಾನು ಬ್ಯಾಟು ಹಿಡಿದಾಗ ನಸೀಮಾಳ ಚೆಂಡು ಬಂದ ವೇಗಕ್ಕೆ ನನ್ನ ಕಿರುಬೆರಳು ಅವತ್ತೇ ಮುರಿಯಿತು. ಗಿರಿಜಿಯನ್ನು ಅವಳು ಮೂರು ಸಲ ಔಟ್ ಮಾಡಿದಳು. ಹೇಗೋ ಏಗಾಡಿ ಕೊನೆಯ ಸರದಿಗೆ ಬರುವಷ್ಟರಲ್ಲಿ ಅವರದೂ ನಾಲ್ಕು, ನಮ್ಮದೂ ನಾಲ್ಕು. ನೀರು ಮೆಲ್ಲಗೆ ಏರಿ ತವರು ಕಲ್ಲಿನ ಅಂಚು ತಾಕಿತ್ತು. ಬ್ಯಾಟು ಗಿರಿಜಿಯ ಕೈಗೆ ಬಂತು. ನಾನು ಹಾಳಾದ ಬೆರಳಿಗೆ ಬಟ್ಟೆ ಸುತ್ತಿಕೊಂಡು, ಲಂಗದ ಉಡಿಯಲ್ಲಿ ಕಡಲೆಕಾಯಿ ತುಂಬಿಕೊಂಡು ತವರಿನ ಪಕ್ಕ ನಿಂತೆ.

ಅವಳು ಹೊಡೆದ ಆ ಹೊಡೆತದ ಸದ್ದು ನನಗೆ ಇವತ್ತೂ ಕೇಳುತ್ತದೆ. ಚೆಂಡು ಎಲ್ಲರ ತಲೆ ದಾಟಿ, ಜಾಲಿ ಸಾಲು ದಾಟಿ, ಯಾರದೋ ಕಡಲೆಕಾಯಿ ಹೊಲದೊಳಗೆ ಬಿತ್ತು. ಶಿರಾದ ಇಬ್ಬರು ಹುಡುಗಿಯರು ಅದನ್ನು ಹುಡುಕಲು ಓಡಿದರು. ಗಿರಿಜಿ ಅತ್ತೆ ಮನೆ ದಾಟಿದಳು, ನಾದಿನಿ ಮನೆ ದಾಟಿದಳು. ಏರಿಯ ಮೇಲಿನ ಊರೆಲ್ಲ ಎದ್ದು ನಿಂತಿತ್ತು. ಸೋದರಮಾವನ ಮನೆಯ ಕಲ್ಲು ತುಳಿದು ಅವಳು ತವರಿನ ಕಡೆ ತಿರುಗಿದಳು. ಚೆಂಡು ಇನ್ನೂ ಸಿಕ್ಕಿರಲಿಲ್ಲ.

ಆಗ ತಮಟೆ ಕೇಳಿಸಿತು.

ಊರ ಹೆಂಗಸರು ಗಂಗೆ ಪೂಜೆಗೆ ಹೊರಟಿದ್ದರು. ತಲೆಯ ಮೇಲೆ ಕಳಶ, ಮೊರದಲ್ಲಿ ಬಾಗಿನ, ಮುಂದೆ ಪೂಜಾರಿ. ಬೆಳಿಗ್ಗೆಯಿಂದ ಎಲ್ಲಿದ್ದರೋ, ಆ ಹೊತ್ತಿಗೆ ಸರಿಯಾಗಿ ಬಂದರು. ಏರಿಯ ಕಡೆ ಜನ ಕಿಕ್ಕಿರಿದದ್ದರಿಂದ ನಮ್ಮ ಮೈದಾನದ ಮೂಲಕವೇ ಇಳಿದು, ಗಿರಿಜಿಗೂ ತವರಿಗೂ ನಡುವೆ ಸಾಲಾಗಿ ಹಾಯ್ದರು. ಡ್ರಿಲ್ ಮೇಷ್ಟ್ರು ಎರಡೂ ಕೈ ಎತ್ತಿ ಸೀಟಿ ಊದಿ "ಆಗು" ಎಂದು ಕೂಗಿದರು. ಗಿರಿಜಿ ನಿಂತುಬಿಟ್ಟಳು. ಮೊದಲನೇ ದಿನದ ಹಾಗೆ ತೆಲುಗು ಬಾರದೆ ಓಡಿದ್ದರೆ ಕಳಶದ ಸಂದಿಯಲ್ಲಿ ನುಗ್ಗಿ ಮುಟ್ಟಿಬಿಡುತ್ತಿದ್ದಳು. ಕಲಿತು ಕೆಟ್ಟಳು.

ಅಲ್ಲಿಗಾದರೂ ಮುಗಿಯಬಾರದೇ? ಪೂಜಾರಿ ನೀರಿನ ಅಂಚಿಗೆ ಬಂದು ಆಚೀಚೆ ನೋಡಿದರು. ಸುಣ್ಣ ಬಳಿದ ಬೆಳ್ಳನೆಯ ಕಲ್ಲು, ಅದರ ಪಾದಕ್ಕೆ ಹೊಸ ನೀರು. ಯಾರೋ ಭಕ್ತಿಯಿಂದ ಗಂಗಮ್ಮನ್ನ ನಿಲ್ಸವ್ರೆ ಎಂದರು. ಹೆಂಗಸರು ಹೌದಲ್ವಾ ಎಂದರು. ನಾನು ಬಾಯಿ ತೆರೆಯುವಷ್ಟರಲ್ಲಿ ಕಲ್ಲಿಗೆ ಅರಿಶಿನ ಬಿತ್ತು, ಕುಂಕುಮ ಬಿತ್ತು, ಕಣಗಿಲೆ ಹೂವು ಬಿತ್ತು, ತೆಂಗಿನಕಾಯಿ ಒಡೆಯಿತು. ಉಡಿ ತುಂಬ ಕಡಲೆಕಾಯಿ ಹಿಡಿದು ನಿಂತ ನನ್ನನ್ನು ಕಂಡು, ನೋಡಿ ಮಗು ಎಷ್ಟು ಮುಂಚೆನೇ ಬಂದೈತೆ ಎಂದು ಮೆಚ್ಚಿಕೊಂಡು ಅಷ್ಟನ್ನೂ ತೆಗೆದು ನೈವೇದ್ಯಕ್ಕಿಟ್ಟರು.

ಆ ಸಾಲಿನಲ್ಲಿ ನಮ್ಮಜ್ಜಿಯೂ ಇದ್ದಳು. ಸದ್ಯ, ಇವಳಾದರೂ ಹೇಳುತ್ತಾಳೆ ಎಂದುಕೊಂಡೆ. ಅವಳೂ ಸೆರಗೊಡ್ಡಿ ಕೈಮುಗಿದು ನಿಂತಿದ್ದಳು. ನಾನು ತಡೆಯಲಾರದೆ, "ಅಜ್ಜಿ, ಅದು ನಮ್ಮ ಬಟ್ಟೆ ಒಗಿಯೋ ಕಲ್ಲು" ಎಂದೆ.

ಅಜ್ಜಿ ಕಣ್ಣು ತೆರೆದು ಕಲ್ಲನ್ನು ನೋಡಿದಳು. ಒಡೆದ ಮೂಲೆಯನ್ನೂ ನೋಡಿದಳು. ಗುರುತು ಸಿಕ್ಕಿತೆಂದು ನನಗೆ ಅವಳ ಮುಖದಲ್ಲೇ ಗೊತ್ತಾಯಿತು.

"ಆಗಿತ್ತು ಕಣಮ್ಮ, ಇಲ್ಲ ಅಂದೋರ್ಯಾರು" ಎಂದಳು. "ಕುಂಕುಮ ಬಿದ್ಮ್ಯಾಕೆ ಮುಗೀತು. ಇನ್ನ ಅದು ದೇವ್ರು. ಚಪ್ಲಿ ಬುಡು."

ಪೂಜೆ ಮುಗಿಯಿತು, ಬಾಗಿನ ತೇಲಿ ಹೋಯಿತು. ಚೆಂಡೂ ಸಿಕ್ಕಿ ನಸೀಮಾಳ ಕೈಗೆ ಬಂತು. ಗಿರಿಜಿ ಹಿಂದೆ ಸರಿದು ಸೋದರಮಾವನ ಮನೆಯ ಕಲ್ಲಿನ ಮೇಲೆ ನಿಂತಿದ್ದಳು. ಎಲ್ಲರಿಗೂ ಆಗ ಅರ್ಥವಾಯಿತು. ಅವಳು ಕಾಲಿಟ್ಟು ತುಳಿಯಬೇಕಾದ ಕಲ್ಲು ದೇವರಾಗಿದೆ. ಮುಂದೆ ಬ್ಯಾಟು ಹಿಡಿಯುವವಳು ನಿಲ್ಲಬೇಕಾದ್ದೂ ಅಲ್ಲೇ. ಹೆಂಗಸರು ಯಾರೂ ಜಾಗ ಬಿಟ್ಟು ಕದಲಲಿಲ್ಲ. ಬೇರೆ ಕಲ್ಲು ಹಾಕೋಣವೆಂದು ನಮ್ಮವರೊಬ್ಬರು ಅಂದರೆ ನಸೀಮಾ ಒಪ್ಪಲಿಲ್ಲ. ಓಡುತ್ತಿರುವಾಗ ತವರು ಬದಲಾಯಿಸುವುದು ಯಾವ ನ್ಯಾಯ ಎಂದಳು, ಅದೂ ಸರಿಯೇ. ಆದರೆ ಅವಳೇ ಇನ್ನೊಂದು ಮಾತು ಹೇಳಿದಳು.

"ಸಾರ್, ಕಾಲ್ ಇಡೋದು ಬೇಡ. ಅವ್ಳು ಓಡಿ ಬರ್ಲಿ, ಕೈಲಿ ಮುಟ್ಟಿ ನಮಸ್ಕಾರ ಮಾಡ್ಕೊಳ್ಲಿ. ಚೆಂಡು ಆಗ ನಮ್ ಹತ್ರ ಇರ್ಲಿಲ್ಲ. ನಾವು ರನ್ ಅಂತ ಒಪ್ಕೋತೀವಿ."

ಎದುರಾಳಿಯೇ ಕೊಡುತ್ತಿದ್ದಾಳೆ. ತೆಗೆದುಕೊಳ್ಳಬಾರದೇ? ನಮ್ಮ ಡ್ರಿಲ್ ಮೇಷ್ಟ್ರಿಗೆ ಅವತ್ತೇ ನಿಯತ್ತು ಉಕ್ಕಿ ಬಂತು. ಪುಸ್ತಕದಲ್ಲಿ ಕಾಲು ಎಂದಿದೆ, ಕೈ ಎಂದರೆ ಅದು ಭಿಕ್ಷೆಯಾಗುತ್ತದೆ, ಭಿಕ್ಷೆಯ ರನ್ನು ನಮಗೆ ಬೇಡ ಎಂದರು. ಇಷ್ಟು ಹೇಳಿ, ಬೆಳಿಗ್ಗೆ ತಾವೇ ಸುಣ್ಣ ಬಳಿದ ಕಲ್ಲಿಗೆ ಚಪ್ಪಲಿ ಬಿಟ್ಟು ಕೈಮುಗಿದು, ಪಂದ್ಯ ಸಮ ಎಂದು ಸೀಟಿ ಊದಿಬಿಟ್ಟರು. ಟೆಂಪೋದವನು ಹಾರನ್ ಹೊಡೆಯುತ್ತಿದ್ದ. ಶಿರಾದವರು ಚಿತ್ರಾನ್ನ ತಿಂದು ಹೊರಟುಹೋದರು. ಗಿರಿಜಿ ಮಾತ್ರ ಕಲ್ಲಿನಿಂದ ಇಳಿಯಲೇ ಇಲ್ಲ. ನಾನು ಹೋಗಿ ಕೈ ಹಿಡಿದಾಗ, "ಇಷ್ಟ್ ಹತ್ರ ಕಣೆ" ಎಂದಳು.

ಮಾರನೇ ದಿನದಿಂದ ಊರಿನಲ್ಲಿ ಗಂಗಮ್ಮ ಬಂದ ಮಾತೇ ಮಾತು. ಪಂದ್ಯ ನಡೆದದ್ದು ಯಾರಿಗೂ ನೆನಪಿರಲಿಲ್ಲ. ನಾವು ಆಡ್ದೆ ಗೆದ್ದೋರಾಗಿಯೇ ಉಳಿದೆವು. ಮೈದಾನ ನೀರಿನಡಿ, ಗಿರಿಜಿ ಕುರಿ ಹಿಂದೆ, ನಾನು ಕಾಲೇಜಿಗೆಂದು ಕೊರಟಗೆರೆಯ ಚಿಕ್ಕಮ್ಮನ ಮನೆಗೆ. ತಂಡದ ಚರಿತ್ರೆ ಅಲ್ಲಿಗೆ ಮುಗಿಯಿತು.

ಈಗ ನಾನು ಕೊರಟಗೆರೆಯಲ್ಲೇ ಹೊಲಿಗೆ ಅಂಗಡಿ ಇಟ್ಟುಕೊಂಡಿದ್ದೇನೆ. ಮೊನ್ನೆ ಬೇಸಿಗೆಯ ಶುರುವಿನಲ್ಲಿ ನನ್ನ ಮಗಳು, ಅಮ್ಮ ನಿಮ್ಮ ಆಟ ಬಂದೈತೆ ನೋಡು ಎಂದು ಮೊಬೈಲು ಹಿಡಿದು ಅಡುಗೆಮನೆಗೆ ಬಂದಳು. ಯಾವುದೋ ದೇಶದ ಹುಡುಗಿ ಓಡಿ ಬಂದು, ಹೊಟ್ಟೆಯ ಮೇಲೆ ಜಾರಿ, ಕೈ ಚಾಚಿ ತವರು ಮುಟ್ಟಿದಳು. ಕೈಯಲ್ಲಿ. ಕರಿ ಅಂಗಿಯ ಅಂಪೈರು ಎರಡೂ ಕೈ ಅಗಲಿಸಿ ಸರಿ ಎಂದ. ಮೇಲಿಂದ ಮೇಲೆ ಹಾಕಿಸಿ ನೋಡಿದೆ. ಹಾಲು ಉಕ್ಕಿ ಒಲೆಯೆಲ್ಲ ಹರಿಯಿತು. ಕೈಯಲ್ಲಿ ಮುಟ್ಟಿದರೂ ಸಾಕಂತೆ. ಅದು ಭಿಕ್ಷೆಯಲ್ಲ, ರೂಲೇ ಅಂತೆ. ಇಲಿ ತಿಂದ ಅರ್ಧದಲ್ಲಿ ಆ ಮಾತಿತ್ತೋ ಏನೋ. ಡ್ರಿಲ್ ಮೇಷ್ಟ್ರು ತೀರಿಹೋಗಿ ವರ್ಷಗಳಾದವು. ಇದ್ದಿದ್ದರೆ ನಾಗಲಮಡಿಕೆಗೇ ಹೋಗಿ ಜಗಳ ತೆಗೆಯುತ್ತಿದ್ದೆ. ದೇವರ ಕಲ್ಲನ್ನು ಮುಟ್ಟಿ ಕಣ್ಣಿಗೊತ್ತಿಕೊಳ್ಳುವುದು ನಮ್ಮ ಕಡೆ ಹುಟ್ಟಿದ ಕೂಸಿಗೂ ಗೊತ್ತು. ಅಷ್ಟು ಮಾಡಿದ್ದರೆ ಸಾಕಿತ್ತಲ್ಲ.

ಗಿರಿಜಿಯನ್ನು ಬುಕ್ಕಾಪಟ್ಟಣದ ಕಡೆ ಕೊಟ್ಟಿದ್ದಾರೆ, ಈಗಲೂ ಕುರಿ ಇದೆ. ಆ ಗಳಿಗೆಯಲ್ಲೇ ಫೋನ್ ಮಾಡಿ ಹೇಳಿದೆ. ಅವಳು, "ಶುಕ್ರವಾರ ಬತ್ತೀನಿ, ನೀನೂ ಬಾ" ಎಂದಳು.

ಶುಕ್ರವಾರ ಊರಿಗೆ ಹೋದೆವು. ಕೆರೆಯಲ್ಲಿ ನೀರಿಲ್ಲ. ಸರಿ, ನೀರಿಲ್ಲದಿದ್ದರೆ ಮೈದಾನವಾದರೂ ಇರಬೇಕಲ್ಲ? ಅದೂ ಇಲ್ಲ. ಜೆಸಿಬಿ ತಂದು ಮಣ್ಣು ಬಗೆದು ಹೊತ್ತುಕೊಂಡು ಹೋಗಿದ್ದಾರೆ. ಆಳುದ್ದದ ಗುಂಡಿಗಳು, ಗುಂಡಿಯ ಸುತ್ತ ಬಳ್ಳಾರಿ ಜಾಲಿ, ಜಾಲಿಗೆ ಸಿಕ್ಕಿಕೊಂಡ ಪ್ಲಾಸ್ಟಿಕ್ಕು. ನೀರು ಮೈದಾನ ನುಂಗಿತೆಂದು ಅಳುತ್ತಿದ್ದ ನಾನು ಈಗ ಯಾರನ್ನು ಬೈಯಲಿ? ಆ ದಿನ ಒಂದು ಹೋದರೂ ಇನ್ನೊಂದು ಸಿಕ್ಕಿತ್ತು. ಈಗ ಎರಡೂ ಹೋಗಿವೆ. ಉಳಿದಿರುವುದು ತವರು ಕಲ್ಲು ಮಾತ್ರ. ಅದಕ್ಕೆ ತಗಡಿನ ಚಾವಣಿ, ಬಣ್ಣದ ಟೈಲ್ಸು, ಕಬ್ಬಿಣದ ಗ್ರಿಲ್ಲು, ದಡದ ಗಂಗಮ್ಮ ಎಂಬ ಬೋರ್ಡು. ನಮ್ಮಜ್ಜಿ ಸೋಪು ಹಚ್ಚಿ ಕುಕ್ಕಿದ ಕಲ್ಲಿಗೆ ಬೆಳ್ಳಿಯ ಕಣ್ಣು ಇಟ್ಟಿದ್ದಾರೆ.

ಗಿರಿಜಿ ನೇರವಾಗಿ ಗುಡಿಗೆ ಹೋಗಲಿಲ್ಲ. ಜಾಲಿ ಗಿಡಗಳ ನಡುವೆ ಆಚೀಚೆ ಅಳತೆ ನೋಡಿ, ಒಂದು ಗುಂಡಿಯ ಅಂಚಿನಲ್ಲಿ ನಿಂತು, ಸೋದರಮಾವನ ಮನೆ ಇಲ್ಲೇ ಕಣೆ ಎಂದಳು. ಸೀರೆಯ ನೆರಿಗೆ ಎತ್ತಿ ಸೊಂಟಕ್ಕೆ ಸಿಕ್ಕಿಸಿಕೊಂಡಳು, ಚಪ್ಪಲಿ ಬಿಟ್ಟಳು. ಇವಳಿಗೇನು ಹುಚ್ಚೇ, ಸೊಂಟ ನೋವು ಎನ್ನುವವಳು ಎಂದು ನಾನು ಅಂದುಕೊಳ್ಳುವಷ್ಟರಲ್ಲಿ ನನ್ನ ಬಾಯಿಂದಲೇ "ಪರಿಗೆತ್ತು" ಎಂದು ಬಂದುಬಿಟ್ಟಿತು. ಅವಳು ಓಡಿದಳು. ಗುಂಡಿ ಬಳಸಿ, ಮುಳ್ಳು ಹಾರಿ, ಕುರಿಯ ಹಿಂದೆ ಓಡುವ ಅದೇ ಓಟ. ಗ್ರಿಲ್ಲಿಗೆ ಬೀಗ ಹಾಕಿತ್ತು. ಸರಳಿನ ಸಂದಿಯಲ್ಲಿ ತೋಳು ತೂರಿಸಿ, ಭುಜದವರೆಗೂ ಚಾಚಿ, ಕಲ್ಲಿನ ಒಡೆದ ಮೂಲೆಯನ್ನು ಅಂಗೈಯಲ್ಲಿ ಮುಟ್ಟಿದಳು.

ಪಕ್ಕದಲ್ಲಿ ಬೀಡಿ ಸೇದುತ್ತಾ ಕೂತಿದ್ದ ಈಗಿನ ಪೂಜಾರಿ ಎದ್ದು ಬಂದು, "ಅರಕೆ ಏನಾದ್ರೂ ಇತ್ತೇನಮ್ಮ?" ಎಂದು ಕೇಳಿದರು.

"ಇತ್ತು ಸ್ವಾಮಿ. ಹಳೇದು" ಎಂದಳು ಗಿರಿಜಿ, ಏದುಸಿರು ಬಿಡುತ್ತಾ. "ಮಧ್ಯದಾಗೆ ನಿಲ್ಸ್‌ಬುಟ್ಟಿದ್ರು."

ನನ್ನ ಬ್ಯಾಗಿನಲ್ಲಿ ಕೊರಟಗೆರೆ ಬಸ್‌ಸ್ಟ್ಯಾಂಡಿನಲ್ಲಿ ಕೊಂಡ ಕಡಲೆಕಾಯಿ ಪೊಟ್ಟಣವಿತ್ತು. ಅವಳ ಸೆರಗಿಗೆ ಹಾಕಿದೆ. ಐದಕ್ಕೆ ನಾಲ್ಕು, ಗೆದ್ದೆವು ಎಂದೆ. ಅವಳು ನಗುತ್ತಾ ಅಳುತ್ತಾ ಒಂದು ಸುಲಿದು ಬಾಯಿಗೆ ಹಾಕಿಕೊಂಡಳು. ನಸೀಮಾ ಮದುವೆಯಾಗಿ ಹಿಂದೂಪುರದ ಕಡೆ ಹೋದಳೆಂದು ಯಾರೋ ಹೇಳಿದ್ದರು, ನಂಬರು ಯಾರ ಹತ್ತಿರವೂ ಇಲ್ಲ. ಸೀಟಿ ಊದುವವರಿಲ್ಲ. ಅಜ್ಜಿ ಇಲ್ಲ. ಊರಿನ ಮಕ್ಕಳೆಲ್ಲ ಹಳದಿ ಬಸ್ಸು ಹತ್ತಿ ಮಧುಗಿರಿಯ ಸ್ಕೂಲಿಗೆ ಹೋಗಿದ್ದರು. ನಾನು ಏರಿಯ ಕಡೆ ತಿರುಗಿ ನೋಡಿದೆ. ಅಷ್ಟುದ್ದದ ಏರಿಯ ಮೇಲೆ, ಆಡ್ದೆ ಗೆದ್ದೋರು ಎಂದು ಆಡಿಕೊಳ್ಳುವುದಕ್ಕೆ ಕೂಡ ಒಬ್ಬರೂ ಇರಲಿಲ್ಲ.